ಅತ್ತೆಗೆ ತಂದ ಆಂಪ್ಲಿಫೈಯರ್

ಕಳೆದ ವಾರ ಶಿವಮೊಗ್ಗದಲ್ಲಿ, ಮೊಮ್ಮಗಳ ಮನೆಯ ಹಾಲಿನಲ್ಲಿ ಕುಳಿತಿದ್ದಾಗ ಒಂದು ವಾಸನೆ ಬಂತು. ಅಡುಗೆಮನೆಯಿಂದ ಬಂದದ್ದಲ್ಲ, ಬೀದಿಯಿಂದಲೂ ಅಲ್ಲ. ಬಿಸಿಯಾದ ಗಾಜಿನ ಮೇಲೆ ಕೂತ ಧೂಳು ಸಣ್ಣಗೆ ಸುಡುವ ವಾಸನೆ. ಜೊತೆಗೆ ಬೆಚ್ಚಗಾದ ಮರದ ಪಾಲಿಶಿನದು. ನನ್ನ ಕಿವಿ ಕೈಕೊಟ್ಟು ಆರೇಳು ವರ್ಷವಾಯಿತು, ಎರಡೂ ಕಣ್ಣಿಗೆ ಆಪರೇಷನ್ ಆಗಿದೆ, ಮಂಡಿಯ ವಿಚಾರ ಕೇಳಲೇಬೇಡಿ. ಆದರೆ ಮೂಗು ಮಾತ್ರ ಮದುವೆಯಾದ ಹೊಸತರಲ್ಲಿ ಎಷ್ಟು ಚುರುಕಾಗಿತ್ತೋ ಇಂದಿಗೂ ಅಷ್ಟೇ ಚುರುಕು. ತಿರುಗಿ ನೋಡಿದರೆ ಗೋಡೆಯ ಪಕ್ಕದ ಮೇಜಿನ ಮೇಲೆ ಹೊಸ ಪೆಟ್ಟಿಗೆಯೊಂದು ಕೂತಿತ್ತು. ಅದರ ನೆತ್ತಿಯ ಮೇಲೆ ನಾಲ್ಕು ಗಾಜಿನ ಬುರುಡೆಗಳು, ಅವುಗಳ ಒಳಗೆ ಕೆಂಡದ ಬಣ್ಣದ ಎಳೆಗಳು.

ಮೊಮ್ಮಗಳ ಗಂಡ ಕಿರಣ ಅದರ ಮುಂದೆ ಮಂಡಿಯೂರಿ ಕೂತು ಯಾವುದೋ ತಂತಿ ಸಿಕ್ಕಿಸುತ್ತಿದ್ದ. ದನದ ಡಾಕ್ಟರು. ಸುತ್ತಮುತ್ತಲಿನ ಎಮ್ಮೆಗಳ ಜೊತೆಗೆಲ್ಲ ಚೆನ್ನಾಗಿ ಮಾತಾಡುತ್ತಾನಂತೆ. ನಾನು ಈ ಮನೆಗೆ ಬಂದು ಎಂಟು ತಿಂಗಳಾದರೂ ನನ್ನ ಜೊತೆ ನಾಲ್ಕು ಮಾತು ಆಡಿದ್ದು ಕಾಣೆ. ಎದುರಿಗೆ ಬಂದರೆ ನೆಲ ನೋಡುತ್ತಾನೆ, ಗಡ್ಡದೊಳಗೇ ಏನೋ ಅಂದುಕೊಂಡು ಹೋಗುತ್ತಾನೆ. ನಿನ್ನ ಗಂಡನಿಗೆ ಮುದುಕಿಯರನ್ನು ಕಂಡರೆ ಆಗುವುದಿಲ್ಲವೇನೇ ಎಂದು ಮೊಮ್ಮಗಳನ್ನು ಕೇಳಿದ್ದೆ. ಹಾಗೇನಿಲ್ಲ, ನಿನಗೆ ಕೇಳಿಸುವುದಿಲ್ಲ ಅಷ್ಟೆ ಎಂದಳು. ಕಿವಿ ಕೇಳದವರಿಗೆ 'ನಿನಗೆ ಕೇಳಿಸುವುದಿಲ್ಲ' ಅಂದರೆ ಬರುವ ಸಿಟ್ಟು ಎಂಥದೆಂದು ನಿಮಗೆ ಈಗ ಗೊತ್ತಿರಲಿಕ್ಕಿಲ್ಲ, ವಯಸ್ಸಾಗಲಿ, ಗೊತ್ತಾಗುತ್ತದೆ.

ಆ ಪೆಟ್ಟಿಗೆಯ ಕಥೆಯನ್ನು ಮೊಮ್ಮಗಳು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಬೆಂಗಳೂರಿನ ಅಂಗಡಿಯದಂತೆ. ಅಲ್ಲಿ ಬೂಟು ಬಿಚ್ಚಿಸಿ ಒಳಗೆ ಕರೆದೊಯ್ದು, ಮಬ್ಬು ಬೆಳಕಿನ ಕೋಣೆಯಲ್ಲಿ ಸೋಫಾದ ಮೇಲೆ ಕೂರಿಸಿ, ಕಾಫಿ ಕೊಟ್ಟು, ಎಂಥ ಹಾಡು ಕೇಳುತ್ತೀರಿ, ಕೋಣೆ ಎಷ್ಟುದ್ದ, ನೆಲಕ್ಕೆ ಏನು ಹಾಸಿದ್ದೀರಿ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದೆಲ್ಲ ವಿಚಾರಿಸಿದರಂತೆ. ಎರಡನೇ ಸಲ ಹೋದ ಮೇಲೆಯೇ ಬೆಲೆಯ ಮಾತು ತೆಗೆದದ್ದಂತೆ. ಒಳ್ಳೇ ವರಪರೀಕ್ಷೆ ಎಂದು ಅವಳು ನಕ್ಕಳು. ನಾನೂ ನಕ್ಕೆ, ಆದರೆ ಬೇರೆ ಕಾರಣಕ್ಕೆ. ಇಂಥದೇ ಅಂಗಡಿಯನ್ನು ನಾನು ಹದಿನೆಂಟನೇ ವಯಸ್ಸಿನಲ್ಲಿ ಸೊರಬದಲ್ಲಿ ನೋಡಿದ್ದೆ. ಅಲ್ಲಿ ಕಾಫಿಯ ಬದಲು ಮಜ್ಜಿಗೆ ಕೊಡುತ್ತಿದ್ದರು.

ನಾನು ಸೊರಬದ ಹುಡುಗಿ. ಕೊಟ್ಟದ್ದು ಶಿಕಾರಿಪುರಕ್ಕೆ. ನಡುವೆ ಶಿರಾಳಕೊಪ್ಪ ದಾಟಿದರಾಯಿತು, ಅರ್ಧ ದಿನದ ದಾರಿಯೂ ಅಲ್ಲ. ಆದರೆ ಸೊಸೆಯಾಗಿ ಹೋಗುವವಳಿಗೆ ಮೈಲಿಗಲ್ಲಿನ ಲೆಕ್ಕ ಬೇರೆಯೇ ಇರುತ್ತದೆ. ನಮ್ಮಲ್ಲಿ ಮೂರು ಹೊತ್ತೂ ಅಕ್ಕಿ: ಗಂಜಿ, ಅನ್ನ, ಅಕ್ಕಿ ರೊಟ್ಟಿ. ಅವರಲ್ಲಿ ಜೋಳದ ರೊಟ್ಟಿ. ನಾವು ಮೆತ್ತಗೆ ಎಳೆದು ಮಾತಾಡುವವರು. ಅವರ ಮಾತು ಬಯಲುಸೀಮೆಯ ಕಡೆಯ ಗಟ್ಟಿ ಮಾತು, ಪ್ರೀತಿಯಿಂದ ಕರೆದರೂ ಬೈದಂತೆ ಕೇಳುವುದು. ಆಣೆ ಹೋಗಿ ನಯಾ ಪೈಸೆ ಬಂದ ಹೊಸತು ಅದು. ಪೇಟೆಯಲ್ಲಿ ಎಲ್ಲರೂ ಎಲ್ಲದಕ್ಕೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ ಕಾಲ. ನಾನೂ ಹಾಗೆಯೇ, ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಮನಸ್ಸಿನಲ್ಲೇ ಎರಡೆರಡು ಸಲ ಕೇಳಿಕೊಳ್ಳುತ್ತ ಓಡಾಡುತ್ತಿದ್ದೆ.

ಮಾವನವರದು ಪೇಟೆಯಲ್ಲಿ ಜವಳಿ ಅಂಗಡಿ. ಏನನ್ನೇ ಕಂಡರೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುವ ಅಭ್ಯಾಸ ಅವರಿಗೆ. ಬಂದ ನೆಂಟರ ಶಲ್ಯ, ಕಿಟಕಿಯ ಪರದೆ, ಊಟಕ್ಕೆ ಹಾಕಿದ ಬಾಳೆಲೆಯ ತುದಿ, ಯಾವುದನ್ನೂ ಬಿಟ್ಟವರಲ್ಲ. ನನ್ನನ್ನು ನೋಡಲು ಬಂದಾಗಲೂ ನನ್ನ ಮುಖಕ್ಕಿಂತ ಉಟ್ಟ ಸೀರೆಯ ಸೆರಗನ್ನೇ ಹೆಚ್ಚು ಹೊತ್ತು ನೋಡಿದರೆಂದು ನಮ್ಮಮ್ಮನ ದೂರು. ಮನುಷ್ಯ ಮಾತ್ರ ಹತ್ತಿಯಂಥವರು.

ಅತ್ತೆ ಎತ್ತರದ ಹೆಂಗಸು. ಅಗಲವಾದ ಹಣೆಯ ಮೇಲೆ ಸದಾ ಮೂರು ಬೆರಳ ವಿಭೂತಿ. ನಮ್ಮ ಮದುವೆಗೆ ಮೂರು ವರ್ಷ ಮುಂಚೆ ವಿಷಮಶೀತ ಜ್ವರ ಬಂದು ಅವರ ಕಿವಿ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಅಂಗಡಿಯ ಹಲಗೆ ಬಿದ್ದರೆ, ಗುಡುಗಿದರೆ ತಿರುಗಿ ನೋಡುತ್ತಿದ್ದರು. ವಿಚಿತ್ರವೆಂದರೆ ಮಾವನ ಜೊತೆ, ನನ್ನ ಗಂಡನ ಜೊತೆ, ಪಕ್ಕದ ಮನೆಯವರ ಜೊತೆ ಅವರು ಸಲೀಸಾಗಿ ಮಾತಾಡುತ್ತಿದ್ದರು. ತುಟಿ ನೋಡಿ ಮಾತು ತಿಳಿಯುವವರು ಇರುತ್ತಾರೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಅದನ್ನು ಹೇಳಿಕೊಂಡವರೂ ಅಲ್ಲ. ಅವರಿಗೆ ಕೆಲವರ ದನಿ ಹಿಡಿಯುತ್ತದೆ, ಕೆಲವರದು ಹಿಡಿಯುವುದಿಲ್ಲ ಎಂದು ಮನೆಯವರು ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು. ಹಿಡಿಯದ ದನಿಗಳಲ್ಲಿ ಮೊದಲನೆಯದು ನನ್ನದು.

ಅದಕ್ಕೆ ಕಾರಣ ನಮ್ಮಮ್ಮ. ಗಂಡನ ಮನೆಗೆ ಕಳಿಸುವಾಗ ಅವಳು ಹೇಳಿದ್ದು ಒಂದೇ ಮಾತು: ಅತ್ತೆ ಮಾವನ ಎದುರು ತಲೆ ಎತ್ತಬೇಡ, ದನಿ ಎತ್ತಬೇಡ. ಆ ಕಾಲದಲ್ಲಿ ಎಲ್ಲ ತಾಯಂದಿರೂ ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತಿದ್ದುದು ಅದನ್ನೇ. ಬೇರೆಯವರು ಅದರಲ್ಲಿ ಅರ್ಧ ಪಾಲಿಸುತ್ತಿದ್ದರು, ನಾನು ಒಂದೂವರೆ ಪಾಲು ಪಾಲಿಸಿದೆ. ಹಣೆಯವರೆಗೂ ಸೆರಗು ಎಳೆದುಕೊಂಡು, ಅತ್ತೆಯ ಮುಂದೆ ನಿಂತು, ನನ್ನ ಕಾಲುಂಗುರದ ಜೊತೆ ಮಾತಾಡುತ್ತಿದ್ದೆ. 'ಅತ್ತೆ, ರೊಟ್ಟಿ ತಟ್ಟೋದು ಹೇಳ್ಕೊಡಿ' ಎಂದು ಕಾಲುಂಗುರವನ್ನು ಎಷ್ಟು ಸಲ ಕೇಳಿದ್ದೆನೋ. ಅತ್ತೆ ಒಂದು ಗಳಿಗೆ ನಿಂತು, ನನ್ನ ನೆತ್ತಿ ನೋಡಿ, ಹಿಟ್ಟಿನ ಪರಾತವನ್ನು ತಾವೇ ಎಳೆದುಕೊಂಡು ಕೂರುತ್ತಿದ್ದರು. ಎಲ್ಲರ ಮಾತೂ ಕೇಳುತ್ತದೆ, ನನ್ನದು ಮಾತ್ರ ಕೇಳುವುದಿಲ್ಲ. ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ನಾನು ಸೌದೆ ಕೋಣೆಯಲ್ಲಿ ನಿಂತು ಅಳುತ್ತಿದ್ದೆ.

ಅವರ ಕಡೆಯ ದೂರು ಒಂದು ದಿನ ನನಗೆ ತಿಳಿಯಿತು. ಹಿತ್ತಲಿನಲ್ಲಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು. ಕಿವಿ ಕೇಳದವರ ಗುಟ್ಟು ಇಡೀ ಓಣಿಗೆ ಕೇಳುತ್ತದೆ.

"ಸೊರಬದ ಹುಡುಗಿ ನಮ್ಮನ್ನ ಕಂಡ್ರ ಮುಖ ಎತ್ತಂಗಿಲ್ಲ. ಮನಸಿಲ್ಲದ ಮನಸಿಂದ ಬಂದೈತಿ ಅನಸ್ತೈತಿ" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪಂಚಮಿ ಹಬ್ಬಕ್ಕೆ ತವರಿಗೆ ಬಂದವಳು ಮರಳಿ ಹೋಗುವುದಿಲ್ಲವೆಂದು ಒಳಗೊಳಗೇ ನಿಶ್ಚಯ ಮಾಡಿಬಿಟ್ಟೆ. ಬಾಯಲ್ಲಿ ಮಾತ್ರ ದೀಪಾವಳಿ ಕಳೆಯಲಿ ಎನ್ನುತ್ತಿದ್ದೆ. ಅಮ್ಮ ನನ್ನ ಮುಖ ನೋಡಿ ಒಲೆಯ ಕಡೆ ತಿರುಗಿದಳು, ಅಪ್ಪ ಕುಪ್ಪಗಡ್ಡೆಯ ಗದ್ದೆ ನೋಡಿ ಬರುತ್ತೇನೆಂದು ಎರಡು ದಿನ ಊರನ್ನೇ ಬಿಟ್ಟರು. ಹೆಣ್ಣುಮಗಳು ಹೀಗೆ ತವರಲ್ಲೇ ಕೂತರೆ ಏನಾಗುತ್ತದೆಂದು ಅವರಿಬ್ಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರನೇ ದಿನ ನನ್ನನ್ನು ಕರೆದೊಯ್ಯಲು ಮಾವನವರೇ ಬಂದರು. ಗಂಡ ಬರಬೇಕಿತ್ತು, ಅಂಗಡಿ ಬಿಟ್ಟು ಮಾವ ಬಂದದ್ದು ಎಲ್ಲರಿಗೂ ಆಶ್ಚರ್ಯ. ಊಟವಾದ ಮೇಲೆ, ನಿಮ್ಮ ಊರಿನಲ್ಲಿ ಮೈಕ್ ಸೆಟ್ಟು ಮಾರುವವರು ಒಬ್ಬರಿದ್ದಾರಂತಲ್ಲ, ಅವರ ಮನೆ ತೋರಿಸುತ್ತೀಯೇನವ್ವ ಎಂದು ನನ್ನನ್ನು ಕೇಳಿದರು. ಅಂಗಡಿಗೆ ಬೇಕು ಎಂದರು. ಜವಳಿ ಅಂಗಡಿಗೆ ಮೈಕು ಯಾಕೆಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಹತ್ತು ಹೆಜ್ಜೆ ಮುಂದೆ ನಡೆದು ದಾರಿ ತೋರಿಸಿದೆ.

ಮಾವ ಅದಕ್ಕೆ ಮುಂಚೆಯೇ ಶಿವಮೊಗ್ಗದ ಒಂದು ದೊಡ್ಡ ಅಂಗಡಿಗೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಅಲ್ಲಿ ಪ್ಯಾಂಟು ಹಾಕಿದವನೊಬ್ಬ ಇವರ ಕಚ್ಚೆಪಂಚೆ ನೋಡಿ ಕುರ್ಚಿಯಿಂದ ಏಳಲಿಲ್ಲವಂತೆ. ಕೊಳ್ಳದವನು ಬಂದರೂ ಎದ್ದು ನಿಂತು ಹತ್ತು ಸೀರೆ ಬಿಚ್ಚಿ ತೋರಿಸುವ ಕುಲ ನಮ್ಮದು. ಎದ್ದು ನಿಲ್ಲದವನ ಹತ್ತಿರ ಏನು ವ್ಯಾಪಾರ ಎಂದು ಮಾವ ಹಾಗೇ ತಿರುಗಿ ಬಂದಿದ್ದರು.

ಸೊರಬದ ಗಣಪಯ್ಯನವರ ಸಂಗತಿ ಬೇರೆ. ಬೊಂಬಾಯಿಯಲ್ಲಿ ಸೌಂಡಿನ ಕೆಲಸ ಮಾಡಿ ಬಂದವರು. ಮನೆಯ ಮುಂಗೋಣೆಯೇ ಅಂಗಡಿ. ಅಲ್ಲಿ ಯಾವಾಗ ಹೋದರೂ ನಾಲ್ಕೈದಕ್ಕಿಂತ ಹೆಚ್ಚು ಸೆಟ್ಟು ಇರುತ್ತಿರಲಿಲ್ಲ. ಬಿಡಿ ಸಾಮಾನು ತರಿಸಿ, ಬುರುಡೆ ಬುರುಡೆಯನ್ನೂ ತಾವೇ ಕೂರಿಸಿ ಕಟ್ಟುತ್ತಿದ್ದರು. ಅವನ್ನು ವಾಲ್ವು ಎನ್ನಬೇಕೆಂದು ಅವರು ಎಲ್ಲರನ್ನೂ ತಿದ್ದುತ್ತಿದ್ದರು, ಊರವರು ಬುರುಡೆ ಎಂದೇ ಅನ್ನುತ್ತಿದ್ದರು. ಮನಸ್ಸಿಗೆ ಬಾರದವರಿಗೆ ಅವರು ಮಾರುತ್ತಲೇ ಇರಲಿಲ್ಲ. ಚಂದ್ರಗುತ್ತಿಯಿಂದ ಅಕ್ಕಿ ಗಿರಣಿಯವರೊಬ್ಬರು ಮಗಳ ಮದುವೆಗೆಂದು ಬಂದು ಊರಿಗೆಲ್ಲ ಕೇಳಬೇಕು ಎಂದದ್ದಕ್ಕೆ, ಹಾಗಾದರೆ ಊರಿನವರನ್ನು ಮೊದಲು ಕೇಳಿಕೊಂಡು ಬನ್ನಿ ಎಂದು ಕಳಿಸಿಬಿಟ್ಟಿದ್ದರಂತೆ. ಅಂಥವರ ಸಂಸಾರ ಹೇಗೆ ನಡೆಯುತ್ತಿತ್ತೋ, ಅವರ ಹೆಂಡತಿಯನ್ನು ಕೇಳಬೇಕಿತ್ತು.

ಆಕೆಯೇ ನನ್ನನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಬಾಗಿಲ ಮರೆಯಲ್ಲಿ ಕೂತು ನಾನು ಹೊರಗಿನ ವ್ಯಾಪಾರ ನೋಡುತ್ತಿದ್ದೆ. ಅಷ್ಟು ಚಂದದ ವ್ಯಾಪಾರವನ್ನು ಮತ್ತೆ ನೋಡಿಲ್ಲ. ಮಾವ ಆಂಪ್ಲಿಫೈಯರಿನ ಮರವನ್ನು ಹೆಬ್ಬೆರಳಿನಿಂದ ಉಜ್ಜಿ, ಇದು ಬಣ್ಣ ಬಿಡುವುದಿಲ್ಲ ತಾನೇ ಎಂದರು. ಮುಂದಿನ ಜಾಲರಿ ಬಟ್ಟೆಯನ್ನು ಬೆರಳಲ್ಲಿ ಹಿಡಿದು, ನೇಯ್ಗೆ ಸಾಲದು, ಇದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಳಿಸಿಕೊಡುತ್ತೇನೆ ಎಂದರು. ಇದರಲ್ಲೇ ಎರಡನೇ ನಂಬರಿನ ಮಾಲು ಇಲ್ಲವೇ, ಸ್ವಲ್ಪ ಅಗಲ ಪನ್ನದ್ದು ಇಲ್ಲವೇ ಎಂದು, ಬಟ್ಟೆಯ ಅಗಲ ವಿಚಾರಿಸುವಂತೆಯೇ ಕೇಳಿದರು. ಗಣಪಯ್ಯನವರು ಒಂದಕ್ಕೂ ನಗದೆ ಎಲ್ಲದಕ್ಕೂ ಉತ್ತರ ಕೊಟ್ಟರು. ಕೊನೆಗೆ ಮಾವ ಮೂಲೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸೆಟ್ಟನ್ನು ತೋರಿಸಿ ಅದೇ ಇರಲಿ ಎಂದರು.

ಗಣಪಯ್ಯನವರು ಅದರ ಮೇಲೆ ಕೈಯಿಟ್ಟುಕೊಂಡು ನಿಂತರು. "ಯಾರಿಗೆ ಇದು?"

ಅಂಗಡಿಗೆ ಎಂದರು ಮಾವ.

"ಅಂಗಡಿಗಲ್ಲ. ಅಂಗಡಿಗಾದ್ರೆ ನೀವು ಇಷ್ಟು ಹೊತ್ತು ನೋಡ್ತಿರಲಿಲ್ಲ ಮಾರಾಯ್ರೆ. ಯಾರು ಕೇಳಬೇಕು, ಏನು ಕೇಳಬೇಕು ಅಂತ ಹೇಳದೆ ನಾನು ಕೊಡೋದಿಲ್ಲ."

ಮಾವ ತಮ್ಮ ಟವೆಲ್ಲಿನ ಅಂಚು ಉಜ್ಜಿದರು. ಆಮೇಲೆ, ತಮ್ಮ ದೊಡ್ಡ ದನಿಯನ್ನು ಆದಷ್ಟು ಸಣ್ಣದು ಮಾಡಿಕೊಂಡು ಹೇಳಿದರು.

"ನಮ್ಮನಿಯಾಕಿ ಕೇಳಬೇಕ್ರಿ. ಈ ಹುಡುಗಿ ಮಾತು ಕೇಳಬೇಕು. ಒಂದ ಮನ್ಯಾಗ ಇಬ್ಬರೂ ಒಬ್ಬರಿಗೊಬ್ಬರು ಕಾಣದಂಗ ಅಳತಾರ. ನನಗ ನೋಡಾಕ ಆಗವಲ್ದು."

ಬಾಗಿಲ ಮರೆಯಲ್ಲಿ ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ಅತ್ತೆಯೂ ಅಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸೌದೆ ಕೋಣೆ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಗಣಪಯ್ಯನವರು ದೊಡ್ಡ ಸೆಟ್ಟಿಗೆ ಬಟ್ಟೆ ಹೊದಿಸಿಬಿಟ್ಟರು. ಕಪಾಟಿನಿಂದ ಒಂದು ಸಣ್ಣದನ್ನು ಇಳಿಸಿದರು, ಹಾರ್ಮೋನಿಯಂ ಪೆಟ್ಟಿಗೆಯಷ್ಟು. ಒಬ್ಬರು ಮಾತಾಡಿ ಒಬ್ಬರು ಕೇಳಲು ಇಷ್ಟು ಸಾಕು, ಹಾರ್ನು ಬೇಡ, ಮನೆಯ ಮಾತು ಓಣಿಗೆ ಹೋಗಬಾರದು ಎಂದರು. ಸ್ವಿಚ್ಚು ಹಾಕಿದ ಕೂಡಲೇ ಮಾತಾಡಬಾರದು, ಬುರುಡೆ ಕಾಯಲು ಬಿಡಬೇಕು. ಮೇಲೆ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಜೀವ ಬಂದಿದೆ ಎಂದು ತಿಳಿಯಿರಿ ಎಂದರು. ಅಲುಗಿಸಬಾರದು, ಇಲಿ ಸೇರಬಾರದು, ಮಕ್ಕಳ ಕೈಗೆ ಸಿಗಬಾರದು ಎಂದು ಬಗೆಬಗೆಯ ಎಚ್ಚರಿಕೆ ಕೊಟ್ಟರು. ಕೊನೆಗೆ ನನ್ನನ್ನು ಹೊರಗೆ ಕರೆದು, ಮೈಕಿನ ಉದ್ದ ಕೋಲನ್ನು ನನ್ನ ಬಾಯಿಯ ಎತ್ತರಕ್ಕೆ ಸರಿಮಾಡಿ ತಿರುಪು ಬಿಗಿದರು. ನಾನು ಎಂದಿನಂತೆ ನೆಲ ನೋಡುತ್ತಿದ್ದೆ.

"ಹೀಗೆ ತಲೆ ತಗ್ಗಿಸಿದ್ರೆ ಯಾವ ಮೈಕಿಗೂ ನಿನ್ನ ಮಾತು ಸಿಗೋದಿಲ್ಲ ಮಗಾ. ಮುಖ ಎತ್ತಬೇಕು" ಎಂದರು.

ಮಾವನ ಜೊತೆ ಬಸ್ಸು ಹತ್ತಿದೆ. ದೀಪಾವಳಿಯ ಮಾತು ನನ್ನ ಬಾಯಿಂದ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಲು ಮಾವ ಒಪ್ಪಲಿಲ್ಲ. ಹೊಸ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ದಾರಿಯ ಗುಂಡಿಗುಂಡಿಗೂ ತಾವೇ ಕುಲುಕಿಸಿಕೊಂಡು ಅದನ್ನು ಕುಲುಕದಂತೆ ಹಿಡಿದರು. ಶಿರಾಳಕೊಪ್ಪದಲ್ಲಿ ಹತ್ತಿದ ಉಡುತಡಿಯ ಮುದುಕರೊಬ್ಬರು ಒಳಗೆ ಯಾವ ದೇವರು ಎಂದು ಕೇಳಿ ಕೈ ಮುಗಿದರು. ದೇವರಲ್ಲ, ನಮ್ಮ ಮನೆಯಾಕೆಯ ಕಿವಿ ಎಂದು ಮಾವ ಹೇಳಿದರು. ಮುದುಕರು ಮುಗಿದ ಕೈ ಇಳಿಸಲಿಲ್ಲ.

ಮರುದಿನ ಬೆಳಗ್ಗೆ ನಡುಮನೆಯಲ್ಲಿ ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಸ್ವಿಚ್ಚು ಹಾಕಿದರು. ಕಳೆದ ವಾರ ನನ್ನ ಮೂಗಿಗೆ ಬಂದ ವಾಸನೆಯನ್ನು ಮೊದಲು ಕಂಡದ್ದು ಆಗ. ಮಾವ ಅತ್ತೆಯ ಕೈಹಿಡಿದು ಅಂಗೈಯನ್ನು ಪೆಟ್ಟಿಗೆಯ ಮೇಲೆ ಇರಿಸಿ, ಬೆಚ್ಚಗಾದರೆ ಜೀವ ಬಂದ ಹಾಗೆ ಎಂದು ಬಾಯಗಲಿಸಿ ಹೇಳಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಕಾದರು. ಮರ ನಿಧಾನಕ್ಕೆ ಬಿಸಿಯಾಯಿತು. "ಕೂಸಿನ ಬೆನ್ನಿದ್ದಂಗೈತಿ" ಎಂದರು.

ನಮ್ಮ ಮನೆಗೆ ಹೊಸತೇನು ಬಂದರೂ ಪೂಜೆಯಾಗದೆ ಬಳಸುವ ಪದ್ಧತಿಯಿರಲಿಲ್ಲ. ಕತ್ತರಿ ಬರಲಿ, ಗಜಕಡ್ಡಿ ಬರಲಿ, ಬಟ್ಟೆಯ ಗಂಟು ಬರಲಿ, ಅತ್ತೆ ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆದು, ಆ ನೀರನ್ನು ಅದರ ಮೇಲೆ ಚಿಮುಕಿಸಿದರೆ ಅದು ಮನೆಯದಾಯಿತು. ಆಂಪ್ಲಿಫೈಯರಿಗೂ ಮೂರು ಬೆರಳ ವಿಭೂತಿ ಬಿತ್ತು, ದಾಸವಾಳ ಬಂತು, ಊದಿನಕಡ್ಡಿ ಹೊಗೆಯಾಡಿತು. ನಾವೆಲ್ಲ ಕೈ ಮುಗಿದು ನಿಂತಿದ್ದೆವು. ಗಣಪಯ್ಯನವರು ಇಲಿಯ ವಿಷಯ ಹೇಳಿದ್ದರು, ಮಕ್ಕಳ ವಿಷಯ ಹೇಳಿದ್ದರು, ಕಾಯಿ ನೀರಿನ ವಿಷಯ ಮಾತ್ರ ಹೇಳಿರಲಿಲ್ಲ. ಬೊಂಬಾಯಿಯಲ್ಲಿ ಅದು ಅವರಿಗೆ ಹೊಳೆದಿರಲಾರದು. ಅತ್ತೆ ಭಕ್ತಿಯಿಂದ, ಕೈ ತುಂಬ, ಗಾಳಿಯಾಡಲು ಬಿಟ್ಟ ಸೀಳುಗಳ ಮೇಲೆಯೇ ನೀರು ಹಾಕಿದರು.

ಒಳಗೆ ಟಕ್ ಎಂದಿತು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಇನ್ನೇನಾಗುತ್ತದೆ. ಸಣ್ಣಗೆ ಆವಿ ಎದ್ದಿತು, ನನ್ನ ಗಂಡ ಓಡಿಹೋಗಿ ಪ್ಲಗ್ಗು ಕಿತ್ತರು. ಆ ಸದ್ದು ಕೇಳಿಸದೆ ಇದ್ದದ್ದು ಅತ್ತೆ ಒಬ್ಬರಿಗೇ. ಅವರು ಕಣ್ಣು ಮುಚ್ಚಿ ಗಂಟೆ ಅಲ್ಲಾಡಿಸುತ್ತಲೇ ಇದ್ದರು.

ಆ ದಿನ ಮಾವ ಅಂಗಡಿಗೆ ಹೋದವರು ಎರಡು ಸಲ ತಿರುಗಿ ಬಂದರು. ಒಡೆದ ಬುರುಡೆಯನ್ನು ಕರವಸ್ತ್ರದಲ್ಲಿ ಕಟ್ಟಿ, ಚೀಟಿ ಬರೆದು, ಬಸ್ ಕಂಡಕ್ಟರ ಕೈಯಲ್ಲಿ ಸೊರಬಕ್ಕೆ ಕಳಿಸಿದರು. ಹೊಸತು ಬರಲು ತಿಂಗಳೋ ಎರಡು ತಿಂಗಳೋ. ಅಲ್ಲಿಯವರೆಗೆ ಅತ್ತೆಗೆ ತಿಳಿಯಬಾರದು ಎಂದು ನನಗೂ ನನ್ನ ಗಂಡನಿಗೂ ತಾಕೀತು ಮಾಡಿದರು. ತನ್ನ ಕೈಯಾರೆ ಒಡೆಯಿತೆಂದು ಗೊತ್ತಾದರೆ ಅವಳು ಇನ್ನು ಮೇಲೆ ಯಾವುದಕ್ಕೂ ಪೂಜೆ ಮಾಡಳು, ಯಾರ ಮಾತೂ ಬೇಡ ಎಂದು ಮೂಲೆ ಸೇರುತ್ತಾಳೆ ಎಂದರು. 'ಗಳಿಗೆ ಚೆನ್ನಾಗಿಲ್ಲ, ಇವತ್ತು ಬೇಡ' ಎಂದು ಹೇಗೋ ದಿನ ತಳ್ಳುವ ಯೋಚನೆ ಅವರದು.

ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದರು. ಪೆಟ್ಟಿಗೆಯ ನೆತ್ತಿಯನ್ನು ಸೆರಗಿನಿಂದ ಒಂದು ಸಲ ಒರೆಸಿ, ಅಂಗೈಯಿಂದ ಸವರಿ, ಅದರ ಮುಂದೆ ಕಾಲು ಮಡಚಿ ಕುಳಿತು, ಮದುವೆ ಮನೆಯಲ್ಲಿ ಕೂತವರಂತೆ ನಮ್ಮನ್ನು ನೋಡಿದರು. ಗಳಿಗೆಯ ಮಾತು ಮಾವನ ಬಾಯಿಯಿಂದ ಹೊರಡಲಿಲ್ಲ. ಅವರು ಎದ್ದುಹೋಗಿ ಸತ್ತ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದರು. ನನ್ನ ಕಡೆ ತಿರುಗಿ, ಬೇಡುವವರ ಹಾಗೆ, "ಮಾತಾಡವ್ವ" ಎಂದರು.

ಮೈಕಿನ ಕೋಲಿನ ಮುಂದೆ ನಿಂತೆ. ಅದು ನನ್ನ ಬಾಯಿಯ ಎತ್ತರಕ್ಕಿತ್ತು, ತಗ್ಗಿಸೋಣವೆಂದರೆ ತಿರುಪು ಬಿಚ್ಚಲು ನನಗೆ ಬಾರದು. ಗಣಪಯ್ಯನವರ ಮಾತು ನೆನಪಾಗಿ ಮುಖ ಎತ್ತಿದೆ. ಸೆರಗು ಜಾರಿತು, ಎಳೆದುಕೊಳ್ಳಲಿಲ್ಲ. ಅತ್ತೆಯ ಕಣ್ಣು ಕಪ್ಪಲ್ಲ, ಜೇನಿನ ಬಣ್ಣದವು. ಅವರ ಮನೆಯಲ್ಲಿ ನಾಲ್ಕು ತಿಂಗಳು ಉಂಡಿದ್ದ ನನಗೆ ಅದು ಆಗ ಗೊತ್ತಾಯಿತು.

"ಅತ್ತೆ, ನಂಗೆ ರೊಟ್ಟಿ ತಟ್ಟಕ್ಕೆ ಬರಲ್ಲ. ಹೇಳ್ಕೊಡ್ತೀರಾ?" ಎಂದೆ. ಪೆಟ್ಟಿಗೆಯಿಂದ ಏನೂ ಬರಲಿಲ್ಲ. ನನ್ನ ಸಣ್ಣ ದನಿಯೇ ನಡುಮನೆಯಲ್ಲಿ ಓಡಾಡಿ ಸುಮ್ಮನಾಯಿತು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಅಷ್ಟಕ್ಕ ಇಷ್ಟು ದಿವಸ ಬೇಕಾತೇನವ್ವ?" ಎಂದರು. "ನೀ ನನ್ನ ಕೂಡ ಮಾತು ಬಿಟ್ಟಿ ಅಂತ ತಿಳಿದಿದ್ದೆ."

ಆಮೇಲೆ ಮಾವನ ಕಡೆ ತಿರುಗಿದರು. "ಕೇಳಿಸ್ತು ನೋಡ್ರಿ. ಭಾಳ ಚಲೋ ಐತಿ ನಿಮ್ಮ ಪೆಟ್ಟಿಗಿ."

ಮಾವನಿಗೆ ಜೋರು ಕೆಮ್ಮು ಬಂತು. ಟವೆಲ್ಲಿನಿಂದ ಇಡೀ ಮುಖ ಮುಚ್ಚಿಕೊಂಡು ಹೊರಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ಅಂದಿನಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಮೈಕಿನ ಕೋಲು ಅಡುಗೆಮನೆಗೆ ಬಂತು. ಒಲೆಯ ಪಕ್ಕ ಅದು, ಅದರ ಪಕ್ಕ ನಾನು, ಎದುರಿಗೆ ಹಿಟ್ಟಿನ ಪರಾತ ಹಿಡಿದು ಅತ್ತೆ. ನನ್ನ ಮೊದಲ ರೊಟ್ಟಿ ಸೊರಬ ತಾಲ್ಲೂಕಿನ ನಕ್ಷೆಯಂತೆ ಇದೆ ಎಂದು ನನ್ನ ಗಂಡ ಹೇಳಿದರು, ಅತ್ತೆ ಅದನ್ನೇ ತಮ್ಮ ತಟ್ಟೆಗೆ ಹಾಕಿಕೊಂಡರು. ಅಕ್ಕಪಕ್ಕದವರು ಯಂತ್ರ ನೋಡಲು ಬಂದು, ಸೊಸೆ ಮುಖ ಎತ್ತಿ ಮಾವನ ಎದುರೇ ಮಾತಾಡುವುದನ್ನೂ ನೋಡಿ ಹೋದರು. ಯಾರೂ ಆಡಿಕೊಳ್ಳಲಿಲ್ಲ. ಯಂತ್ರದ ಮುಂದೆ ಹಾಗೇ ನಿಲ್ಲಬೇಕಂತೆ, ಸೊರಬದವರು ಹಾಗೇ ಹೇಳಿ ಕಳಿಸಿದ್ದಾರಂತೆ ಎಂದು ಅವರೇ ಒಬ್ಬರಿಗೊಬ್ಬರು ತಿಳಿಸಿ ಹೇಳಿದರು.

ದೀಪಾವಳಿಯ ಸುಮಾರಿಗೆ ಗಣಪಯ್ಯನವರೇ ಹೊಸ ಬುರುಡೆಯನ್ನು ಹತ್ತಿಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಬಂದರು. ನಾನು ಮೈಕಿನ ಮುಂದೆ ನಿಂತು ಅತ್ತೆಯನ್ನು ಏನೋ ಕೇಳುತ್ತಿದ್ದೆ, ಅತ್ತೆ ಉತ್ತರ ಕೊಡುತ್ತಿದ್ದರು. ಗಣಪಯ್ಯನವರು ಒಮ್ಮೆ ನನ್ನ ತುಟಿ, ಒಮ್ಮೆ ಅತ್ತೆಯ ಕಣ್ಣು ನೋಡಿ ನಿಂತರು. ಅರ್ಧ ಬಿಚ್ಚಿದ್ದ ಹತ್ತಿಯನ್ನು ಮತ್ತೆ ಸುತ್ತಿದರು.

"ಇದು ನಿಮ್ಮ ಹತ್ರ ಇರ್ಲಿ. ಹಾಕೋದು ಬೇಡ. ಪೆಟ್ಟಿಗೆ ಮಾಡಬೇಕಾದ ಕೆಲಸ ಆಗಿದೆ ಮಾರಾಯ್ರೆ" ಎಂದು ಅತ್ತೆಗೆ ಬೆನ್ನು ಮಾಡಿ ಮಾವನಿಗೆ ಹೇಳಿದರು. ಆಮೇಲೆ ಮಾವನನ್ನು ಜಗುಲಿಗೆ ಕರೆದು ತುಟಿಯ ಸಂಗತಿ ತಿಳಿಸಿದರು. ಮಾವ, ಹಾಗಾದರೆ ಇದನ್ನು ಅವಳಿಗೆ ಹೇಳುವುದು ಬೇಡ, ಪೆಟ್ಟಿಗೆಯನ್ನು ನಂಬಿದ್ದಾಳೆ ಎಂದರಂತೆ. ಮಾರಿದ ಸಾಮಾನನ್ನು ಹಾಕಬೇಡಿ ಎಂದು ಹೇಳಿಹೋದ ವ್ಯಾಪಾರಿಯನ್ನು ನಾನು ಅವರೊಬ್ಬರನ್ನೇ ಕಂಡದ್ದು. ಆ ಬುರುಡೆ ಹತ್ತಿಯ ಸಮೇತ ಈಗಲೂ ನನ್ನ ಟ್ರಂಕಿನಲ್ಲಿದೆ.

ಮಾವ ಬದುಕಿರುವವರೆಗೂ ಆ ಗುಟ್ಟನ್ನು ಕಾಪಾಡಿದರು. ಕೆಲವು ವರ್ಷಕ್ಕೆ ಮೈಕಿನ ಕೋಲು ಮೂಲೆ ಸೇರಿತು. ಅಷ್ಟರಲ್ಲಿ ಮುಖ ಎತ್ತುವುದು ನನಗೆ ಅಭ್ಯಾಸವಾಗಿಹೋಗಿತ್ತು. ಪೆಟ್ಟಿಗೆ ಮಾತ್ರ ನಡುಮನೆಯಲ್ಲೇ ಉಳಿಯಿತು. ಆಯುಧಪೂಜೆಯ ದಿನ ಅದಕ್ಕೂ ವಿಭೂತಿ, ಹೂವು. ಕಾಯಿ ನೀರಿನ ಹೊತ್ತಿಗೆ ಮಾವ ಅಡ್ಡ ಬಂದು ಇದಕ್ಕೆ ಬೇಡ ಎನ್ನುತ್ತಿದ್ದರು. ಯಾಕೆ ಬೇಡ ಎಂದು ಅತ್ತೆ ಒಂದು ವರ್ಷವೂ ಕೇಳಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ನಾನು ಅಷ್ಟು ಚುರುಕಾಗಿದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಮಾವ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ನಾನು ಆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದೆ. ನನ್ನ ಕೂದಲೂ ಅಲ್ಲಲ್ಲಿ ಬೆಳ್ಳಗಾಗಿತ್ತು. ಅತ್ತೆ ಬಂದು ಪಕ್ಕದಲ್ಲಿ ಕುಳಿತು ಅದರ ಮೇಲೆ ಅಂಗೈ ಇಟ್ಟರು.

"ಆ ದಿವಸ ಸಂಜಿ ಮುಂದ ಇದು ಹಿಂಗ ತಣ್ಣಗಿತ್ತು" ಎಂದರು.

ಗೊತ್ತಿತ್ತಾ ಅತ್ತೆ ಎಂದು ಕೇಳಿದೆ.

"ಮುಂಜಾನಿ ಬೆಚ್ಚಗಿದ್ದದ್ದು ಸಂಜಿಗೆ ತಣ್ಣಗಿತ್ತು. ನೀರು ಹಾಕಿದಾಕಿ ನಾನ. ತಿಳಿಲಾರದೇನು?" ಎಂದು ನಕ್ಕರು. "ಆದ್ರ ನೀ ಮುಖ ಎತ್ತಿದ್ದಿ. ಪೆಟ್ಟಿಗಿ ಕೆಟ್ಟೈತಿ ಅಂದಿದ್ರ ನೀ ಮತ್ತ ತಗ್ಗಸ್ತಿದ್ದಿ. ಅವರು ಅಷ್ಟು ದೂರದಿಂದ ತೊಡಿ ಮ್ಯಾಲ ಇಟಗೊಂಡು ತಂದಿದ್ರು. ಕೇಳಿಸ್ತು ಅಂದೆ."

ಎದುರಿಗೆ ಕೂತು ಅವರ ತೊಡೆಯ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅತ್ತರೆ ತುಟಿ ಕಾಣುವುದಿಲ್ಲ, ಮುಖ ಎತ್ತು ಎಂದು ಅವರು ಬೆನ್ನು ತಟ್ಟಿದರು. ಹೆಂಡತಿಗೆ ತಿಳಿಯದಿರಲೆಂದು ಗಂಡ, ಗಂಡನಿಗೆ ತಿಳಿಯದಿರಲೆಂದು ಹೆಂಡತಿ, ಅಷ್ಟು ವರ್ಷ ಒಂದು ತಣ್ಣನೆಯ ಪೆಟ್ಟಿಗೆಗೆ ಹೂವೇರಿಸಿಕೊಂಡು ಬಂದಿದ್ದರು.

ಮೊಮ್ಮಗಳ ಮನೆಯಲ್ಲಿ ಕೂತು ನಾನು ಇಷ್ಟು ದೂರ ಹೋಗಿ ಬರುವಷ್ಟರಲ್ಲಿ ಕಿರಣ ತಂತಿಗಳನ್ನೆಲ್ಲ ಸಿಕ್ಕಿಸಿ ಮುಗಿಸಿದ್ದ. ಆಗಲೂ ಆ ಯಂತ್ರದ ಕಡೆಗೇ ಮುಖ ಮಾಡಿಕೊಂಡು ಏನೋ ಹೇಳುತ್ತಿದ್ದ, ಅವನ ಗಡ್ಡ ಅಲ್ಲಾಡುತ್ತಿತ್ತು. ಎಂಟು ತಿಂಗಳಿಂದ ಈ ಹುಡುಗನ ಮೇಲೆ ನಾನು ಹೇಳುತ್ತ ಬಂದ ದೂರು ನೆನಪಾಯಿತು. ಮುಖ ಎತ್ತುವುದಿಲ್ಲ, ಮನಸ್ಸಿಲ್ಲ. ಒಂದಕ್ಷರ ಬದಲಿಲ್ಲದೆ ಹಿತ್ತಲಿನ ಅತ್ತೆಯ ಮಾತು. ಅದನ್ನು ಕೇಳಿ ಸೌದೆ ಕೋಣೆಯಲ್ಲಿ ಅತ್ತವಳೇ ಈಗ ಅದನ್ನು ಆಡುತ್ತಿದ್ದೆ. ಹಿರಿಯರ ಎದುರು ತಲೆ ತಗ್ಗಿಸಿರಪ್ಪ ಎಂದು ಅವನಿಗೂ ಒಬ್ಬ ತಾಯಿ ಹೇಳಿ ಕಳಿಸಿರಬೇಕು.

"ಕಿರಣ, ಇಲ್ಲಿ ಬಾರಪ್ಪ. ನನ್ನ ಎದುರಿಗೆ ಕೂತು, ಮುಖ ಎತ್ತಿ ಹೇಳು" ಎಂದೆ.

ಬಂದು ಕೂತ. ನಾಚಿಕೊಂಡೇ ತಲೆ ಎತ್ತಿದ. ಒಳ್ಳೆಯ ಕಣ್ಣುಗಳು.

"ಅಜ್ಜಿ, ಇದು ನಿಮಗೋಸ್ಕರ ತಂದಿದ್ದು" ಎಂದ. "ಮನೇಲಿ ಯಾರಿದ್ದಾರೆ ಅಂತ ಅಂಗಡಿಯವರು ಕೇಳಿದ್ರು. ಕಿವಿ ಕೇಳದ ಅಜ್ಜಿ ಇದ್ದಾರೆ, ಅವರಿಗೆ ಹಾಡು ಕೇಳಿಸಬೇಕು ಅಂದೆ. ಈಗ ಹಾಡು ಬರ್ತಿದೆ. ಕೇಳಿಸ್ತಿದೆಯಾ?"

ಒಂದೊಂದು ಮಾತೂ ಸಿಕ್ಕಿತು. ಕೈ ಚಾಚಿ ಪೆಟ್ಟಿಗೆಯ ಪಕ್ಕದ ಮರದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಲೂ ಇತ್ತು. ಯಾವ ಹಾಡು, ಯಾರು ಹಾಡುತ್ತಿದ್ದರು ಎಂದು ಮಾತ್ರ ನನ್ನನ್ನು ಕೇಳಬೇಡಿ.

"ಕೇಳಿಸ್ತಪ್ಪ" ಎಂದೆ. "ಬಹಳ ಚೆನ್ನಾಗಿದೆ ನಿನ್ನ ಪೆಟ್ಟಿಗೆ. ನಾಳೆಯೂ ಹಾಕು, ಹೀಗೇ ಎದುರಿಗೆ ಬಂದು ಕೂತುಕೋ."